ಐವತ್ತೊಂಬತ್ತು ಪೈಸೆಯ ಔದಾರ್ಯ

2025ರ ಬಜೆಟ್ ಅಧಿವೇಶನದ ಹೊತ್ತಿಗೆ, ನಮ್ಮ ಮಂಗಳೂರಿನವರೇ ಆದ ಸ್ಪೀಕರ್ ಯು.ಟಿ. ಖಾದರ್ ಅವರು ವಿಧಾನಸಭೆಯ ಮೊಗಸಾಲೆಗೆ ಬಾಡಿಗೆ ರಿಕ್ಲೈನರ್ ಕುರ್ಚಿ ತರಿಸುವ ಮಾತಾಡಿದಾಗ ರಾಜ್ಯವೆಲ್ಲ ನಕ್ಕಿತು. ನಗುವಿನಲ್ಲಿ ಅವರ ತರ್ಕ ಕೊಚ್ಚಿಹೋಯಿತು. ಊಟಕ್ಕೆಂದು ಹೊರಗೆ ಹೋದ ಶಾಸಕರು ಮಧ್ಯಾಹ್ನದ ಕಲಾಪಕ್ಕೆ ಮರಳುವುದಿಲ್ಲ; ಊಟ ಅಲ್ಲೇ ಹಾಕಿಸಿ, ಉಂಡ ಮೇಲೆ ಒರಗಲು ಜಾಗ ಕೊಟ್ಟರೆ ಹಾಜರಾತಿ ಏರುತ್ತದೆ ಎಂಬುದು ಅವರ ಲೆಕ್ಕ.

ಇದು ಶಾಲೆಯ ಬಿಸಿಯೂಟದ ಲೆಕ್ಕವೇ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅದು ಅಕ್ಷರ ದಾಸೋಹ ಎಂಬ ಹೆಸರಲ್ಲಿ ಶುರುವಾಯಿತು. ಮಧ್ಯಾಹ್ನ ಮನೆಗೆ ಹೋದ ಮಗು ಶಾಲೆಗೆ ಮರಳದಿದ್ದರೆ, ಮನೆಯಲ್ಲಿ ಅನ್ನ ಇಲ್ಲದ್ದೂ ಅದಕ್ಕೊಂದು ಕಾರಣ. ತಿಂಗಳ ಸಂಬಳ, ಅಧಿವೇಶನದ ದಿನಭತ್ಯೆ ಎರಡೂ ಉಳ್ಳ ಶಾಸಕರು ಮರಳದಿರಲು ಅಂಥ ಕಾರಣವೇನೂ ಕಾಣದು. ಮಗು ಉಂಡು ತೂಕಡಿಸಿದರೆ ಮೇಷ್ಟ್ರು ಎಬ್ಬಿಸುತ್ತಾರೆ ಎಂಬುದು ಬೇರೆ ಮಾತು.

ಶಾಸಕರ ಊಟದಿಂದ ಬೊಕ್ಕಸ ಬರಿದಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ದುಡಿಯುವ ಜಾಗದಲ್ಲಿ ಊಟ ಸಿಗುವುದು ತಪ್ಪೂ ಅಲ್ಲ. ನನ್ನ ತಕರಾರು, ಯಾರ ತಟ್ಟೆಗೆ ಎಷ್ಟು ಚೌಕಾಸಿ ಎಂಬುದರ ಬಗ್ಗೆ. 2025ರ ಮಾರ್ಚ್ 21ರಂದು, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಶಾಸಕರ ಮೂಲ ವೇತನ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಬಿಜೆಪಿಯ 18 ಮಂದಿಯನ್ನು ಆರು ತಿಂಗಳು ಅಮಾನತು ಮಾಡಿ ಮಾರ್ಷಲ್‌ಗಳು ಹೊತ್ತು ಹೊರಹಾಕಿದ್ದೂ ಅದೇ ದಿನ. ಅಷ್ಟು ಜಗಳವಾಡಿದವರು ಸಂಬಳದ ಮಸೂದೆಗೆ ಜಗಳವಾಡಲಿಲ್ಲ. ಅದೇ ವರ್ಷ ಮೇ 1ರಿಂದ ಪ್ರಾಥಮಿಕ ಶಾಲೆಯ ಮಗುವಿನ ಒಂದು ಊಟದ ಸಾಮಗ್ರಿ ವೆಚ್ಚ 6.19 ರೂಪಾಯಿಯಿಂದ 6.78ಕ್ಕೆ ಏರಿತು. ಐವತ್ತೊಂಬತ್ತು ಪೈಸೆ! ಅಕ್ಕಿ ಬೇರೆ ಬರುತ್ತದೆ, ಸರಿ. ಬೇಳೆ, ತರಕಾರಿ, ಎಣ್ಣೆ, ಗ್ಯಾಸು ಎಲ್ಲ ಇದರಲ್ಲೇ ಆಗಬೇಕು. ಮಂಗಳೂರಿನ ಹಂಪನಕಟ್ಟೆಯಲ್ಲಿ ಆ ದುಡ್ಡಿಗೆ ಒಂದು ಲೋಟ ಚಹಾ ಸಿಗದು. ದರ ನಿಗದಿ ಮಾಡುವುದು ದೆಹಲಿ ಎಂದು ಬೆಂಗಳೂರು ಕೈ ತೊಳೆಯುವಂತಿಲ್ಲ. ಅದರಲ್ಲಿ ರಾಜ್ಯದ್ದು ನೂರಕ್ಕೆ ನಲವತ್ತು ಪಾಲು. ದೆಹಲಿಯೇನು ಕಡಿಮೆಯೇ? ಅಡುಗೆಯವರ ಗೌರವಧನಕ್ಕೆ 2009ರಲ್ಲಿ ಅದು ಗೊತ್ತುಮಾಡಿದ್ದು ತಿಂಗಳಿಗೆ ಸಾವಿರ ರೂಪಾಯಿ. ಆಮೇಲೆ ಅದನ್ನು ಹೆಚ್ಚಿಸಿಲ್ಲ.

ಮಕ್ಕಳ ತಟ್ಟೆಯ ವಿಚಾರಕ್ಕೆ ಬಂದರೆ ಎಲ್ಲರಿಗೂ ಸಿದ್ಧಾಂತ ನೆನಪಾಗುತ್ತದೆ. ಮಂಗಳೂರಿಗೆ ಇದು ಚೆನ್ನಾಗಿ ಗೊತ್ತು. 2017ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಕಲ್ಲಡ್ಕ ಮತ್ತು ಪುಣಚದ ಎರಡು ಶಾಲೆಗಳಿಗೆ ಮಕ್ಕಳ ಊಟಕ್ಕೆಂದು ಕೊಲ್ಲೂರು ದೇವಸ್ಥಾನದಿಂದ ಬರುತ್ತಿದ್ದ ನೆರವನ್ನು ನಿಲ್ಲಿಸಿತು. ದೇವಸ್ಥಾನದ ದುಡ್ಡು ಖಾಸಗಿ ಸಂಸ್ಥೆಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಿಸಿಯೂಟದ ಬದಲಿ ವ್ಯವಸ್ಥೆ ಮಾಡಿದ ಮೇಲೆ ಅದನ್ನು ನಿಲ್ಲಿಸಬಹುದಿತ್ತು. ಇತ್ತ, ಮಕ್ಕಳ ಖಾಲಿ ತಟ್ಟೆಯನ್ನು ಬೀದಿಗೆ ತಂದು ಚುನಾವಣೆಗೆ ಹದ ಮಾಡಿಕೊಂಡವರೂ ಇದ್ದರು. ಎರಡೂ ಕಡೆಯವರು ಮಕ್ಕಳ ಹೆಸರಲ್ಲಿ ಮಾತಾಡಿದರು. ವಿಧಾನಸೌಧದ ಊಟದ ದುಡ್ಡು ಯಾವ ಹುಂಡಿಯದ್ದು ಎಂದು ಇವರಲ್ಲಿ ಯಾರೂ ಕೇಳಿದವರಲ್ಲ.

ಮೊಟ್ಟೆಯದ್ದು ಇನ್ನೂ ನಾಚಿಕೆಗೇಡು. ಕೊಡಬೇಕೋ ಬಾರದೋ ಎಂದು ವರ್ಷಗಟ್ಟಲೆ ಕಾದಾಡಿ, ಕೊನೆಗೆ ಸರ್ಕಾರ ವಾರಕ್ಕೆ ಎರಡಕ್ಕೆ ಬಂದು ನಿಂತಿತು. ಉಳಿದ ನಾಲ್ಕು ದಿನದ್ದನ್ನು 2024ರ ಜುಲೈ ಒಪ್ಪಂದದಂತೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುತ್ತಿದೆ: ಮೂರು ವರ್ಷಕ್ಕೆ ಸುಮಾರು 1,500 ಕೋಟಿ. ಅವರಿಗೆ ಋಣಿಯಾಗಿರೋಣ. ಆದರೆ ಶಾಸಕರ ತಟ್ಟೆಗೆ ಬೊಕ್ಕಸ, ಮಗುವಿನ ಮೊಟ್ಟೆಗೆ ದಾನಿ ಎಂಬುದು ಯಾವ ಸೀಮೆಯ ಹಂಚಿಕೆ?

ಸಂಸತ್ತಿನ ಕ್ಯಾಂಟೀನಿನಲ್ಲಿ ಸಬ್ಸಿಡಿ 2021ರ ಜನವರಿಯಲ್ಲೇ ನಿಂತಿತು. ಅಲ್ಲಿ ಯಾವ ಸಂಸದರೂ ಉಪವಾಸ ಬಿದ್ದ ಸುದ್ದಿಯಿಲ್ಲ. ಖಾದರ್ ಅವರು ಇದೇ ದಾರಿ ಹಿಡಿಯಲಿ; ಉಂಡವರು ದಿನಭತ್ಯೆಯಿಂದ ದುಡ್ಡು ಕೊಡಲಿ. ಅವರ ಉಳ್ಳಾಲದ ಕ್ಷೇತ್ರದಲ್ಲೇ ಕಿತ್ತಳೆ ಮಾರಿದ ಹರೇಕಳ ಹಾಜಬ್ಬ ಊರ ಮಕ್ಕಳಿಗೆ ಶಾಲೆ ಕಟ್ಟಿಸಿಕೊಟ್ಟರು. ಬಿಲ್ಲು ಕೊಡುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ.

ಮೊಟ್ಟೆಯ ಒಪ್ಪಂದದ ಮೂರು ವರ್ಷ 2027ಕ್ಕೆ ಮುಗಿಯುತ್ತದೆ. ಆ ವರ್ಷದ ಬಜೆಟ್ಟಿನಲ್ಲಿ ಆರೂ ದಿನದ ದುಡ್ಡು ಸರ್ಕಾರದ್ದೇ ಆಗಿರಬೇಕೆಂದು ದಕ್ಷಿಣ ಕನ್ನಡದ ಎಂಟೂ ಶಾಸಕರು ಈಗಲೇ ಬರೆದುಕೊಡಲಿ, ಪಕ್ಷ ಯಾವುದೇ ಇರಲಿ.