ಇರುವೆಗೆ ಹಾಕಿದ ವಿಷ ಯಾರ ಹೊಟ್ಟೆಗೆ?

ಹೋಟೆಲ್ ಬಂಧುಗಳೇ, ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಸ್ಟೋರ್ ರೂಮಿನ ಸಕ್ಕರೆ, ಬೆಲ್ಲಕ್ಕೆ ಇರುವೆ ಸಾಲು. ನಾವೂ ಎಲ್ಲರಂತೆ ವಿಷದ ಬಳಪ ತರಿಸಿ ಗೆರೆ ಎಳೆಸುತ್ತಿದ್ದೆವು. ಒಂದು ದಿನ ಹುಡುಗನೊಬ್ಬ ದೋಸೆಹಿಟ್ಟು ಇಡುವ ಕಟ್ಟೆಯ ಮೇಲೇ ಗೆರೆ ಎಳೆದಿದ್ದ. ಭಟ್ಟರು ನೋಡಿದ್ದರಿಂದ ಬಚಾವಾದೆವು. ಹಿಟ್ಟನ್ನೆಲ್ಲ ಚೆಲ್ಲಿದೆವು. ತಪ್ಪು ಹುಡುಗನದಲ್ಲ, ಬಳಪ ಕೈಗೆ ಕೊಟ್ಟ ನಮ್ಮದು.

ಇರುವೆ ವಾಸನೆಯ ಜಾಡು ಹಿಡಿದು ಬರುತ್ತದೆ. ಸ್ಪ್ರೇ ಹೊಡೆದರೆ ಹೊರಗೆ ಬಂದವು ಸಾಯುತ್ತವೆ, ಗೂಡಿನಲ್ಲಿ ಮೊಟ್ಟೆಯಿಡುವ ರಾಣಿ ಉಳಿಯುತ್ತದೆ. ಮತ್ತೆ ಅದೇ ಸಾಲು. ಈಗ ನಾವು ರಾತ್ರಿ ಶಟರ್ ಎಳೆಯುವ ಮೊದಲು ಆ ದಾರಿಯನ್ನು ಸೋಪಿನ ನೀರಿನಲ್ಲಿ ಒರೆಸಿಸುತ್ತೇವೆ. ಗೋಡೆಯ ಸಂದಿಗೆ ಸಿಮೆಂಟ್ ತುಂಬಿಸಿದ್ದೇವೆ. ಸಕ್ಕರೆಗೆ ಬಿಗಿ ಮುಚ್ಚಳದ ಡಬ್ಬ, ಮೂಟೆಗಳು ಗೋಡೆ ಬಿಟ್ಟು ಹಲಗೆಯ ಮೇಲೆ. ಇದಕ್ಕೂ ಬಗ್ಗದಿದ್ದರೆ ಪೆಸ್ಟ್ ಕಂಟ್ರೋಲಿನವರು, ಅದೂ ಹೋಟೆಲ್ ಮುಚ್ಚಿ, ಆಹಾರವೆಲ್ಲ ತೆಗೆದಿಟ್ಟ ಮೇಲೆ.

2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಗಳ 4ನೇ ಶೆಡ್ಯೂಲ್ ಹೇಳುವುದೂ ಇದನ್ನೇ: ಕೀಟ ಹೋಗಬೇಕು, ಆದರೆ ಆಹಾರಕ್ಕೆ ಅಪಾಯವಾಗದಂತೆ.

ಇಷ್ಟು ಕೆಲಸಕ್ಕೆ ಹುಡುಗರೆಲ್ಲಿ ಎನ್ನುತ್ತೀರಿ. ಅರ್ಧ ಗಂಟೆ ಸಾಕು. ಗಲ್ಲೆ ಬಿಟ್ಟು ನಾವೇ ಸ್ಟೋರಿಗೆ ಹೋದರೆ ಹುಡುಗರೂ ಹಿಂದೆ ಬರುತ್ತಾರೆ. ಪರವೂರಿನ ಗಿರಾಕಿ ‘ಉಡುಪಿ’ ಎಂಬ ಬೋರ್ಡು ನೋಡಿ ಒಳಗೆ ಬರುವುದು ಇಲ್ಲಿ ಶುಚಿಯಿದೆ ಎಂಬ ನಂಬಿಕೆಯಿಂದ. ಬಳಪ ಅಗ್ಗ, ಆ ನಂಬಿಕೆ ಅಗ್ಗವಲ್ಲ. ಅಡುಗೆಮನೆಯಿಂದ ವಿಷದ ಬಳಪವನ್ನು ಇವತ್ತೇ ಹೊರಗೆ ಹಾಕೋಣ.