ಕಾರಿನ ತಂಪು: ನಮ್ಮ ಕೈಕೆಲಸವೆಷ್ಟು?

ಸೊಲ್ಲಾಪುರದ ಬೇಸಿಗೆಯಲ್ಲಿ ಕಾರಿನ ತಂಪು ಕುಂದಿದರೆ, ಅನಿಲದ ಡಬ್ಬಿ ತಂದು ತಾವೇ ತುಂಬುವ ಆಸೆ ಸಹಜ. ಆದರೆ ಅನಿಲವು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುವುದು. ಬೇಗನೆ ಕಡಿಮೆಯಾದರೆ ಎಲ್ಲಿಯೋ ಸೋರಿಕೆಯಿದೆಯೆಂದೇ ಅರ್ಥ. ತೂತುಗೊಡಕ್ಕೆ ನೀರು ಹೊಯ್ದು ಫಲವೇನು?

ಆರ್-134ಎ ಅನಿಲವು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವುದರಿಂದ, ಚಿಮ್ಮಿದರೆ ಚರ್ಮ ಮರಗಟ್ಟೀತು, ಕಣ್ಣಿಗೂ ಹಾನಿಯಾದೀತು. ಅಳತೆ ಮೀರಿದರೆ ಕಂಪ್ರೆಸರೇ ಕೆಟ್ಟು, ಉಳಿಸಿದ್ದಕ್ಕಿಂತ ಹಲವು ಪಟ್ಟು ವೆಚ್ಚ ತಗಲೀತು. ನುರಿತ ಮೆಕ್ಯಾನಿಕನು ಸೋರಿಕೆ ಸರಿಪಡಿಸಿ, ನಿರ್ವಾತ ಪಂಪಿನಿಂದ ಗಾಳಿ, ತೇವಗಳನ್ನು ಹೊರಸೆಳೆದು, ಅನಿಲವನ್ನು ತೂಗಿ ತುಂಬುವನು.

ಧೂಳು ತುಂಬಿದ ಕ್ಯಾಬಿನ್ ಫಿಲ್ಟರನ್ನು ಮೊದಲು ತೆಗೆದು ನೋಡುವುದು ನಮ್ಮ ಕೆಲಸ. ಅನಿಲದ ಕೆಲಸ ಅವನದು.