ಹರಿಗೋಲಿನ ನೆನಪು ಬರಿಯ ಹಳಹಳಿಕೆಯೇ?

ಕೃಷ್ಣೆಯ ದಡದ ತಿಂಥಣಿಯಲ್ಲಾಗಲಿ, ಭೀಮೆಯ ದಡದ ಯಾದಗಿರಿಯಲ್ಲಾಗಲಿ ಹಿರಿಯ ಅಂಬಿಗರೊಡನೆ ಕುಳಿತರೆ ಮಾತು ಹಳೆಯ ಹರಿಗೋಲಿನತ್ತ ಹೊರಳದೆ ಇರದು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಆ ದುಂಡು ದೋಣಿ ಹುಟ್ಟಿನ ಒಂದೊಂದು ಸೆಳೆತಕ್ಕೂ ಓಗೊಡುತ್ತಿತ್ತು. ಬಂಡೆಗೆ ತಾಗಿದರೆ ಒಡೆಯದೆ ಬಳುಕಿ ಜಾರುತ್ತಿತ್ತು. ದಡ ಸೇರಿದ ಮೇಲೆ ಬೋರಲು ಹಾಕಿ ಒಣಗಿಸಿದರೆ ಮರುದಿನಕ್ಕೆ ಸಿದ್ಧ. ಇದನ್ನು ಕೇಳಿದ ವಿದ್ಯಾವಂತರು ನಕ್ಕು, ‘ಮುದುಕರ ಹಳಹಳಿಕೆ’ ಎನ್ನುತ್ತಾರೆ. ಈ ನಗುವನ್ನು ನಾನು ಒಪ್ಪಲಾರೆ. ಅದು ಹಳಹಳಿಕೆಯಲ್ಲ, ಪರೀಕ್ಷೆಗೊಳಗಾದ ತಾಂತ್ರಿಕ ತೀರ್ಪು.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತಹ ಈ ದೋಣಿಗಳು 15–20 ಜನರನ್ನೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಹೊಳೆ ದಾಟಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಐನೂರು ವರ್ಷ ಬಾಳಿದ ವಿನ್ಯಾಸವನ್ನು ಹಿಂದುಳಿದದ್ದೆಂದು ಕರೆಯಲು ನಮಗೇನು ಅಧಿಕಾರ?

ಆ ಬಾಳಿಕೆಯ ಗುಟ್ಟು ಬಿದಿರಿನಲ್ಲಿತ್ತು. ಎಳೆಯ ಬಿದಿರಿನಲ್ಲಿ ಗಟ್ಟಿತನ ಸಾಲದು. ಮೂರು ವರ್ಷ ಬಲಿತದ್ದನ್ನೇ ಕಡಿಯಬೇಕು. ಪಿಷ್ಟ ಹೆಚ್ಚಿದ್ದರೆ ಕುಟ್ಟೆಹುಳು ತಿನ್ನುತ್ತದೆ; ನೀರಿನಲ್ಲಿ ನೆನೆಹಾಕಿದರೆ ಪಿಷ್ಟ ಕರಗಿಹೋಗುತ್ತದೆ. ನಾವು ಪ್ರಯೋಗಾಲಯದಲ್ಲಿ ಕಲಿತ ಈ ಪಾಠವನ್ನು ಮೇದಾರರು ಕೈಕೆಲಸದಲ್ಲೇ ಅರಿತಿದ್ದರು. ಇಂದು ಅದರ ಸ್ಥಾನಕ್ಕೆ ಬಂದಿರುವ ಫೈಬರ್ ದೋಣಿ ಹಗುರವೂ ಹೌದು, ನೀರು ಹೀರದು ಎಂಬುದೂ ನಿಜ. ಆದರೆ ಬಂಡೆಗೆ ಬಡಿದು ಸೀಳಿದರೆ ಹಳ್ಳಿಯಲ್ಲಿ ಅದನ್ನು ದುರಸ್ತಿ ಮಾಡುವವರಾರು? ಕೆಟ್ಟ ಬಳಿಕ ಅದು ಕೊಳೆಯುವುದೂ ಇಲ್ಲ. ಹೊಳೆಯ ದಂಡೆಗೆ ಶಾಶ್ವತ ಕಸವಾಗುತ್ತದೆ.

ಸೇತುವೆ ಬೇಡವೆಂದು ನಾನು ಹೇಳುತ್ತಿಲ್ಲ. 2014ರ ಪ್ರವಾಹದಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆಗಳನ್ನು ಕಟ್ಟಿಕೊಂಡು ಕೃಷ್ಣೆಯನ್ನು ಈಜಿ ದಾಟಬೇಕಾಯಿತು. ಅದು ನಮ್ಮೆಲ್ಲರ ತಲೆ ತಗ್ಗಿಸಿದ ಘಟನೆ. ಉಕ್ಕುವ ಹೊಳೆಗೆ ಹರಿಗೋಲು ಉತ್ತರವಲ್ಲ. ಆದರೆ ಸೇತುವೆ ಬಂದ ಮೇಲೂ ಮೀನುಗಾರನಿಗೆ ದೋಣಿ ಬೇಕು. ಆ ದೋಣಿ ಎಲ್ಲಿಂದ ಬರಬೇಕು ಎಂಬುದೇ ಪ್ರಶ್ನೆ.

ಉತ್ತರ ನಮ್ಮ ಗುಡ್ಡಗಳಲ್ಲಿದೆ. ಸುರಪುರ, ಶಹಾಪುರಗಳ ಗುಡ್ಡವೆಂದರೆ ಬರಿಯ ಕಲ್ಲೆಂದು ಲೆಕ್ಕ ಹಾಕುವವರಿಗೆ ಅದರ ಇಳಿಜಾರಿನ ಮಣ್ಣು ಕಾಣುವುದಿಲ್ಲ. ಒಣನೆಲಕ್ಕೆ ಒಗ್ಗುವ ಗಟ್ಟಿ ಬಿದಿರು ಅಲ್ಲಿ ಬೆಳೆದರೆ ಮಣ್ಣೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ. 2017ರ ತಿದ್ದುಪಡಿಯು ಅರಣ್ಯದ ಹೊರಗೆ ಬೆಳೆದ ಬಿದಿರನ್ನು ‘ಮರ’ದ ವ್ಯಾಖ್ಯೆಯಿಂದ ಕೈಬಿಟ್ಟಿದೆ. ಹೀಗಿರುವಾಗ ಪಂಚಾಯಿತಿಗಳು ಇನ್ನೇತಕ್ಕೆ ಕಾಯುತ್ತಿವೆ? ಗೋಮಾಳದ ಅಂಚಿನಲ್ಲಿ ಬಿದಿರು ನೆಡಲಿ. ಅದರ ಮೊದಲ ಹಕ್ಕು ಮೇದಾರರಿಗೂ ಅಂಬಿಗರಿಗೂ ಇರಲಿ.

ವಿದ್ಯಾರ್ಥಿ ಮಿತ್ರರೇ, ಮುಂದಿನ ರಜೆಯಲ್ಲಿ ಒಬ್ಬ ಹಿರಿಯ ಅಂಬಿಗನ ಬಳಿ ಕುಳಿತುಕೊಳ್ಳಿ. ಹರಿಗೋಲಿನ ಅಳತೆ, ಹೆಣಿಗೆ, ಹದ ಎಲ್ಲವನ್ನೂ ಬರೆದುಕೊಳ್ಳಿ. ಹೆಣೆಯಬಲ್ಲ ಕೈಗಳು ಇಲ್ಲವಾದ ಮೇಲೆ ಬಿದಿರು ಬೆಳೆದು ಫಲವಿಲ್ಲ.